ಹಳೆ ಹಾಡು ಹೊಸ ಪ್ರತಿಯಲ್ಲಿ ಯಾಕೆ ಕಿರುಚುತ್ತೆ?

ಪಿ.ಬಿ.ಶ್ರೀನಿವಾಸ್ ಮೆತ್ತಗೆ ಹಾಡಿದ್ದನ್ನು ಜೋರು ಮಾಡಿದ್ದು ಯಂತ್ರ. ಆ ಯಂತ್ರ ಮಾಡುವ ಕೆಲಸವೇನು, ಅದರಿಂದ ಕಳೆದುಹೋಗುವುದೇನು, ನಿಮ್ಮ ಅಟ್ಟದ ಮೇಲಿನ ಕ್ಯಾಸೆಟ್ಟನ್ನು ಯಾಕೆ ಎಸೆಯಬಾರದು - ಇಲ್ಲಿದೆ ವಿವರ.

ಊಟಿ : ಗೂಡಲೂರಿನ ಟೀ ಅಂಗಡಿ ಇರಲಿ, ಮಸಿನಗುಡಿಯ ಜೀಪು ಇರಲಿ, ಮೈಸೂರಿಗೆ ಹೋಗುವ ಬಸ್ಸೇ ಇರಲಿ, ಹಳೆಯ ಹಾಡು ಕೇಳಿದ ಹಿರಿಯರು ಹೇಳುವ ಮಾತು ಒಂದೇ. 'ಹಾಡು ಅದೇ, ಆದರೆ ಅವತ್ತಿನ ಹಾಗಿಲ್ಲ.' ತಾತನಿಗೆ ವಯಸ್ಸಾಯಿತು ಎಂದು ಮೊಮ್ಮಕ್ಕಳು ನಗುತ್ತಾರೆ. ವಯಸ್ಸಾದ ಕಿವಿಗೆ ತೀಕ್ಷ್ಣ ಸ್ವರ ಕಡಿಮೆ ಕೇಳುವುದು ನಿಜ. ಆದರೆ ತಪ್ಪೆಲ್ಲ ತಾತನ ಕಿವಿಯದ್ದೇ ಅಲ್ಲ. ಎಷ್ಟೋ ಸಲ ಹಾಡನ್ನೇ ಬದಲಾಯಿಸಿರುತ್ತಾರೆ. ಪದ ಬದಲಾಗಿಲ್ಲ, ರಾಗ ಬದಲಾಗಿಲ್ಲ, ದನಿಯೂ ಅದೇ. ಬದಲಾಗಿರುವುದು ಹಾಡಿನ ಏರಿಳಿತ.

ಕನ್ನಡಕ್ಕಷ್ಟೇ ಬಂದ ಕಷ್ಟ ಇದಲ್ಲ. ತಮಿಳು, ಹಿಂದಿ, ಇಂಗ್ಲಿಷ್ ಹಾಡುಗಳಿಗೂ ಇದೇ ಗತಿ. ಇದಕ್ಕೆ ಇಂಗ್ಲಿಷಿನವರು 'ಲೌಡ್‌ನೆಸ್ ವಾರ್' ಎಂದು ಹೆಸರಿಟ್ಟರು. ನಾವು ಜೋರಿನ ಜಗಳ ಎನ್ನೋಣ.

ಹಾಡಿಗೂ ಒಂದು ದೊಡ್ಡಬೆಟ್ಟ

ನೀಲಗಿರಿಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ದೊಡ್ಡಬೆಟ್ಟದ ಎತ್ತರ 2,637 ಮೀಟರ್. ಕಲ್ಲಟ್ಟಿ ಘಾಟಿಯ 36 ತಿರುವು ಇಳಿದು ಮಸಿನಗುಡಿಗೆ ಬಂದರೆ ಸಾವಿರ ಮೀಟರಿನ ಆಸುಪಾಸು. ಈ ವ್ಯತ್ಯಾಸ ಇರುವುದರಿಂದಲೇ ಅದು ಬೆಟ್ಟ, ಇದು ತಪ್ಪಲು. ಎರಡೂ ಒಂದೇ ಮಟ್ಟದಲ್ಲಿದ್ದರೆ ಘಾಟಿಯೂ ಇರುತ್ತಿರಲಿಲ್ಲ, ಬೆಟ್ಟವೂ ಇರುತ್ತಿರಲಿಲ್ಲ.

ಹಾಡಿನಲ್ಲೂ ಹಾಗೇ. ಗಾಯಕ ಉಸಿರಿನಷ್ಟು ಮೆತ್ತಗೆ ಎತ್ತಿಕೊಳ್ಳುವುದು ಮಸಿನಗುಡಿ. ಚರಣದ ಕೊನೆಯಲ್ಲಿ ಪಿಟೀಲುಗಳೆಲ್ಲ ಸೇರಿ, ತಬಲಾ ಪೆಟ್ಟು ಬಿದ್ದು, ದನಿ ಮೇಲಕ್ಕೇರುವುದು ದೊಡ್ಡಬೆಟ್ಟ. ಅತಿ ಮೆತ್ತಗಿನ ಜಾಗಕ್ಕೂ ಅತಿ ಜೋರಿನ ಜಾಗಕ್ಕೂ ಇರುವ ಅಂತರವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಕ್ಯಾಸೆಟ್ಟಿನಲ್ಲಿ ಹಿಡಿಸುವ ಅಂತರ ಸುಮಾರು 50 ಡೆಸಿಬೆಲ್. ಒಳ್ಳೆಯ ಎಲ್‌ಪಿ ತಟ್ಟೆಯಲ್ಲಿ 60ರಿಂದ 70. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ 96. ಅಂದರೆ ಹಳೆಯ ಹಾಡಿನ ಬೆಟ್ಟ, ಕಣಿವೆ ಎರಡನ್ನೂ ಇದ್ದದ್ದು ಇದ್ದ ಹಾಗೇ ಇಡಲು ಸಿ.ಡಿ.ಯಲ್ಲಿ ಬೇಕಾದಷ್ಟು ಜಾಗ ಇತ್ತು. ತಮಾಷೆ ಎಂದರೆ, ಜಾಗ ಹೆಚ್ಚಾದ ಮೇಲೇ ಬೆಟ್ಟವನ್ನು ಕಡಿದದ್ದು!

ಮದ್ರಾಸಿನ ಆ ಹಾಲುಗಳು

1950-60ರ ದಶಕದ ಕನ್ನಡ ಸಿನಿಮಾ ಹಾಡುಗಳು ಹೆಚ್ಚಾಗಿ ಧ್ವನಿಮುದ್ರಣವಾದದ್ದು ಮದ್ರಾಸಿನಲ್ಲಿ. ತಮಿಳು ಹಾಡುಗಳು ಮುದ್ರಣವಾಗುತ್ತಿದ್ದ ಹಾಲುಗಳಲ್ಲೇ, ಆಗಾಗ ಅದೇ ವಾದ್ಯದವರಿಂದ. ಪಿ.ಬಿ.ಶ್ರೀನಿವಾಸ್ ತಮಿಳಿನಲ್ಲಿ ಜೆಮಿನಿ ಗಣೇಶನ್‌ಗೆ ಹಾಡಿದರು, ಕನ್ನಡದಲ್ಲಿ ರಾಜ್‌ಕುಮಾರ್‌ಗೆ ದನಿಯಾದರು. 'ಸಂಧ್ಯಾರಾಗ' (1966), 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972) ಚಿತ್ರಗಳಿಗೆ ಸಂಗೀತ ಕೊಟ್ಟ ಜಿ.ಕೆ.ವೆಂಕಟೇಶ್ ಹತ್ತಿರ ಸಹಾಯಕರಾಗಿ ಕೆಲಸ ಕಲಿತವರು ಇಳಯರಾಜ. ಎರಡು ಭಾಷೆಯ ಮಧ್ಯೆ ಬದುಕುವ ನಮ್ಮ ಗಡಿ ಊರುಗಳ ಹಾಗೇ ಆ ಹಾಡುಗಳೂ ಎರಡು ಮನೆಯ ಮಕ್ಕಳು.

ಆ ಕಾಲದಲ್ಲಿ ಒಂದೊಂದು ವಾದ್ಯವನ್ನೂ ಬೇರೆ ಬೇರೆ ದಿನ ಮುದ್ರಿಸಿ ಅಂಟಿಸುವ ಸೌಲಭ್ಯ ಇರಲಿಲ್ಲ. ಗಾಯಕ, ಪಿಟೀಲು, ತಬಲಾ, ಕೊಳಲು ಎಲ್ಲರೂ ಒಂದೇ ಸಲಕ್ಕೆ. ಮೈಕ್‌ಗಳು ಕೆಲವೇ ಕೆಲವು. ಯಾರೊಬ್ಬರು ತಪ್ಪಿದರೂ ಮೊದಲಿನಿಂದ ಮತ್ತೆ ಶುರು. ದನಿ ಎಲ್ಲಿ ಮುಂದೆ ಬರಬೇಕು, ಪಿಟೀಲು ಎಲ್ಲಿ ಹಿಂದೆ ಸರಿಯಬೇಕು ಎನ್ನುವುದು ಅಲ್ಲೇ, ಆ ಕ್ಷಣದಲ್ಲೇ ತೀರ್ಮಾನ. ಕೊಳಲಿನವರು ಮೈಕ್‌ನಿಂದ ಎರಡು ಹೆಜ್ಜೆ ಹಿಂದೆ ನಿಂತರೆ ಅದೇ ಅವರ ವಾಲ್ಯೂಮ್. ಹಾಡಿನ ಏರಿಳಿತ ಎನ್ನುವುದು ಅಷ್ಟೂ ಜನರ ದುಡಿಮೆ.

ಸಿನಿಮಾದಲ್ಲಿ ಈ ಧ್ವನಿ ಕೂರುತ್ತಿದ್ದದ್ದು ಫಿಲ್ಮಿನ ಅಂಚಿನಲ್ಲಿ, ಬೆಳಕಿನ ಗೆರೆಯಾಗಿ. ಅಂದ ಹಾಗೆ, ಫಿಲ್ಮ್ ಎಂದರೆ ಊಟಿಯವರಿಗೆ ಹೇಳಿಕೊಡಬೇಕಾಗಿಲ್ಲ. 1960ರಲ್ಲಿ ಸ್ಥಾಪನೆಯಾಗಿ, 'ಇಂದು' ಹೆಸರಿನ ಫಿಲ್ಮ್ ತಯಾರಿಸಿ, ಈಗ ಬಾಗಿಲು ಹಾಕಿರುವ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಇಲ್ಲಿನದ್ದೇ. ಫಿಲ್ಮಿನ ಅಂಚಿನ ಆ ಗೆರೆ ಹೆಚ್ಚು ಅಗಲವಾದರೆ ಧ್ವನಿ ಜೋರು, ಕಿರಿದಾದರೆ ಮೆತ್ತಗೆ. ಆದರೆ ಗೆರೆಗೆ ಕೊಟ್ಟ ಜಾಗ ಮುಗಿದ ಮೇಲೆ ಇನ್ನಷ್ಟು ಅಗಲವಾಗಲು ಆಗುವುದಿಲ್ಲ. ಅಲ್ಲಿ ಧ್ವನಿ ಬಿರಿಯುತ್ತದೆ. ತಟ್ಟೆಯಲ್ಲೂ ಹೀಗೇ. ಜೋರು ಹೆಚ್ಚಿಸಿದರೆ ಗೀರು ಅಗಲವಾಗಿ ತಟ್ಟೆಯಲ್ಲಿ ಕಡಿಮೆ ನಿಮಿಷ ಹಿಡಿಸುತ್ತಿತ್ತು. ಅತಿಯಾದರೆ ಮುಳ್ಳು ಗೀರಿನಿಂದ ಹಾರುತ್ತಿತ್ತು. ಹೀಗಾಗಿ ಜೋರಿಗೆ ತಾನಾಗಿಯೇ ಒಂದು ಬೇಲಿ ಇತ್ತು.

ಟೀ ತೋಟದ ಕತ್ತರಿ

ಲಿಮಿಟರ್ ಎಂಬ ಯಂತ್ರ ಹುಟ್ಟಿದ್ದು ಈ ಬೇಲಿ ಕಾಯುವುದಕ್ಕೆ. ಧ್ವನಿ ಒಂದು ಮಟ್ಟ ದಾಟುತ್ತಿದ್ದಂತೆ ಆ ಕ್ಷಣಕ್ಕೆ ಮಾತ್ರ ವಾಲ್ಯೂಮ್ ಇಳಿಸುತ್ತದೆ, ಮುಗಿದ ಮೇಲೆ ಮತ್ತೆ ಏರಿಸುತ್ತದೆ. ಹಿತವಾಗಿ ಬಳಸಿದರೆ ಬಹಳ ಒಳ್ಳೆಯ ಯಂತ್ರ. ಲಂಡನ್ನಿನ ಅಬೆ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ಹಾಡುಗಳಿಗೆ ಫೇರ್‌ಚೈಲ್ಡ್ ಎಂಬ ವಾಲ್ವಿನ ಲಿಮಿಟರ್ ಬಳಸುತ್ತಿದ್ದರು. ಆ ಹಾಡುಗಳ ಗುಣದಲ್ಲಿ ಅದರ ಪಾಲೂ ಇದೆ. ಹಾಗಾಗಿ ಯಂತ್ರ ಖಳನಾಯಕ ಅಲ್ಲ. ಅತಿಯಾಗಿ ಬಳಸುವುದು ಕಷ್ಟಕ್ಕೆ ಮೂಲ.

ಟೀ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಮರವಾಗುತ್ತದೆ. ತೋಟದಲ್ಲಿ ಸೊಂಟದೆತ್ತರಕ್ಕೆ ಸಮ ಮಾಡಿ ಕತ್ತರಿಸುತ್ತೇವೆ, ಎಲ್ಲ ಗಿಡವೂ ಮೇಜಿನ ಹಾಗೆ ಒಂದೇ ಮಟ್ಟ. ಎಲೆ ಕೀಳಲು ಅದೇ ಬೇಕು. ಆದರೆ ಅದೇ ಕತ್ತರಿ ಹಿಡಿದು ಶೋಲಾ ಕಾಡಿಗೆ ನುಗ್ಗಿದರೆ? ಹಳೆ ಹಾಡಿಗೆ ಆಗುವುದು ಇದೇ. ಮೊದಲು ಎತ್ತರದ ತುದಿಗಳನ್ನೆಲ್ಲ ತಗ್ಗಿಸುತ್ತಾರೆ. ಆಗ ಮೇಲೆ ಖಾಲಿ ಜಾಗ ಸಿಗುತ್ತದೆ. ಇಡೀ ಹಾಡನ್ನು ಆ ಜಾಗಕ್ಕೆ ಎತ್ತುತ್ತಾರೆ. ಮತ್ತೆ ತುದಿ ತಗ್ಗಿಸು, ಮತ್ತೆ ಎತ್ತು. ಕೊನೆಗೆ ಮಸಿನಗುಡಿಯೂ ದೊಡ್ಡಬೆಟ್ಟವೂ ಒಂದೇ ಎತ್ತರ!

ಇಷ್ಟಕ್ಕೂ ಸಾಲದೆ ಇನ್ನೂ ಎತ್ತಿದರೆ ಏನಾಗುತ್ತದೆ? ಸ್ವಲ್ಪ ಲೆಕ್ಕ ನೋಡಿ. ಸಿ.ಡಿ.ಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆಯುತ್ತಾರೆ. ಆ ಅಂಕಿ 32,767 ದಾಟುವಂತಿಲ್ಲ. ಅದೇ ಚಾವಣಿ. 20,000 ಇದ್ದ ಅಲೆಯನ್ನು ದುಪ್ಪಟ್ಟು ಮಾಡಿದರೆ, ಅಂದರೆ 6 ಡೆಸಿಬೆಲ್ ಏರಿಸಿದರೆ, 40,000 ಆಗಬೇಕು. ಆದರೆ ಚಾವಣಿ ಅಡ್ಡ ಇದೆ. 32,767ಕ್ಕಿಂತ ಮೇಲಿನ ಭಾಗ ಕತ್ತಿಯಲ್ಲಿ ಕೊಯ್ದ ಹಾಗೆ ಹೋಗುತ್ತದೆ. ದುಂಡಗಿದ್ದ ಅಲೆಯ ತಲೆ ಚಪ್ಪಟೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ.

ಹೋದದ್ದು ತುದಿ ಮಾತ್ರ ಅಲ್ಲವೇ, ನಷ್ಟವೇನು ಅಂತೀರಾ? ನಷ್ಟದ ಜತೆಗೆ ಬೇಡದ ಲಾಭವೂ ಇದೆ. ಅಲೆ ಚಪ್ಪಟೆಯಾದ ಕೂಡಲೇ ಹಾಡಿನಲ್ಲಿ ಇಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. 400 ಹರ್ಟ್ಸ್‌ನ ಶುದ್ಧ ಸ್ವರವನ್ನು ಮೇಲೂ ಕೆಳಗೂ ಸಮವಾಗಿ ಕೊಯ್ದರೆ 1,200, 2,000, 2,800 ಹರ್ಟ್ಸ್‌ಗಳಲ್ಲಿ ಮರಿಗಳು ಏಳುತ್ತವೆ. ಯಾವ ವಾದ್ಯವೂ ನುಡಿಸದ, ಯಾರೂ ಹಾಡದ ಸ್ವರ. ಕಿವಿಗೆ ಚುಚ್ಚುವುದು ಅದೇ.

ಹಳೆ ಒರಟು, ಹೊಸ ಒರಟು

ಹಾಗಾದರೆ ಹಳೆಯ ತಟ್ಟೆಗಳಲ್ಲಿ ಒರಟೇ ಇರಲಿಲ್ಲವೇ? ಇತ್ತು. ವಾಲ್ವಿನ ಆಂಪ್ಲಿಫೈಯರ್, ಮ್ಯಾಗ್ನೆಟಿಕ್ ಟೇಪ್ ಎರಡೂ ಜೋರು ಹೆಚ್ಚಾದಾಗ ಧ್ವನಿಯನ್ನು ಕೆಡಿಸುತ್ತಿದ್ದವು. ಆದರೆ ಅವು ನಿಧಾನವಾಗಿ ಬಾಗುವ ಬಿದಿರಿನ ಹಾಗೆ. ಅಲೆಯ ತುದಿಯನ್ನು ಉಜ್ಜಿ ದುಂಡಗೆ ಮಾಡುತ್ತಿದ್ದವು. ಎಷ್ಟೋ ಜನರಿಗೆ ಆ ಒರಟೇ ಹಿತ. ಡಿಜಿಟಲ್ ಚಾವಣಿ ಬಾಗುವುದಿಲ್ಲ. ಮುಟ್ಟುವ ತನಕ ಏನೂ ಆಗುವುದಿಲ್ಲ, ಮುಟ್ಟಿದ ಕೂಡಲೇ ಕೊಯ್ಯುತ್ತದೆ.

ಇನ್ನೊಂದು ಮುಖ್ಯ ವ್ಯತ್ಯಾಸ ಇದೆ. ಅಂದಿನ ಮೀಡಿಯಂ ವೇವ್ ರೇಡಿಯೋದಲ್ಲಿ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸ್ವರ ಸರಿಯಾಗಿ ಬರುತ್ತಲೇ ಇರಲಿಲ್ಲ. ಮೈಸೂರು ಆಕಾಶವಾಣಿಯನ್ನು ಬೆಟ್ಟದ ಈಚೆ ಕೇಳುವಾಗ ಗುಡುಗು ಮಿಂಚಿನ ಗೊರಗೊರ ಬೇರೆ. ಆದರೆ ಆ ನಷ್ಟ ಆಗುತ್ತಿದ್ದದ್ದು ದಾರಿಯಲ್ಲಿ, ನಮ್ಮ ಪೆಟ್ಟಿಗೆಯಲ್ಲಿ. ತಟ್ಟೆ ತಟ್ಟೆಯಾಗಿಯೇ ಇತ್ತು. ನಾಳೆ ಒಳ್ಳೆಯ ಪೆಟ್ಟಿಗೆ ತಂದರೆ ಒಳ್ಳೆಯ ಧ್ವನಿ ಸಿಗುತ್ತಿತ್ತು. ಈಗಿನ ನಷ್ಟ ಪ್ರತಿಯಲ್ಲೇ ಸೇರಿಕೊಂಡಿದೆ. ಲಕ್ಷ ರೂಪಾಯಿಯ ಸ್ಪೀಕರ್ ತಂದರೂ ಕೊಯ್ದ ತುದಿ ವಾಪಸ್ ಬರುವುದಿಲ್ಲ. ಇನ್ನೂ ಸ್ಪಷ್ಟವಾಗಿ ಕಿರುಚುತ್ತದೆ, ಅಷ್ಟೆ.

ಜಗಳ ಶುರುವಾದದ್ದು ಹೀಗೆ

ಒಂದೇ ಹಾಡನ್ನು ಎರಡು ವಾಲ್ಯೂಮ್‌ನಲ್ಲಿ ಕೇಳಿಸಿದರೆ ಸ್ವಲ್ಪ ಜೋರಿರುವುದೇ ಚೆನ್ನಾಗಿದೆ ಎನಿಸುವುದು ಮನುಷ್ಯನ ಕಿವಿಯ ಸ್ವಭಾವ. ಕಂಪನಿಗಳು ಹಿಡಿದದ್ದು ಇದನ್ನೇ. 1960ರ ದಶಕದಲ್ಲೇ ಅಮೆರಿಕದ ಹೋಟೆಲುಗಳ ಜೂಕ್‌ಬಾಕ್ಸಿನಲ್ಲಿ ತಮ್ಮ ತಟ್ಟೆ ಪಕ್ಕದವರ ತಟ್ಟೆಗಿಂತ ಜೋರಾಗಿ ಕೇಳಬೇಕೆಂದು ಪೈಪೋಟಿ ಇತ್ತು. ಮುಳ್ಳು ಹಾರುತ್ತದೆಂಬ ಭಯ ಅವರನ್ನು ತಡೆಯುತ್ತಿತ್ತು. ಸಿ.ಡಿ.ಯಲ್ಲಿ ಮುಳ್ಳೂ ಇಲ್ಲ, ಭಯವೂ ಇಲ್ಲ. 1994ರಲ್ಲಿ ವೇವ್ಸ್ ಕಂಪನಿಯ ಎಲ್1 ಎಂಬ ಡಿಜಿಟಲ್ ಲಿಮಿಟರ್ ಬಂತು. ಮುಂದೆ ಬರುವ ಪೆಟ್ಟನ್ನು ಮೊದಲೇ ನೋಡಿ ತಗ್ಗಿಸುವ ಜಾಣ ಯಂತ್ರ. ಅಲ್ಲಿಂದ ಪೈಪೋಟಿಗೆ ಕಡಿವಾಣ ಇಲ್ಲದಂತಾಯಿತು.

1973ರ 'ರಾ ಪವರ್' ಎಂಬ ರಾಕ್ ಆಲ್ಬಂನ್ನು ಅದರ ಗಾಯಕ ಇಗ್ಗಿ ಪಾಪ್ 1997ರಲ್ಲಿ ತಾವೇ ಹೊಸದಾಗಿ ಮಿಕ್ಸ್ ಮಾಡಿಸಿದರು. ಅದು ಅತಿ ಜೋರಿನ ಸಿ.ಡಿ.ಗಳಲ್ಲಿ ಒಂದೆಂದು ಹೆಸರಾಯಿತು. ಜಗಳ ಬೀದಿಗೆ ಬಂದದ್ದು 2008ರಲ್ಲಿ, ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಿಡುಗಡೆಯಾದಾಗ. ಅದೇ ಹಾಡುಗಳು ಒಂದು ವಿಡಿಯೋ ಗೇಮ್‌ನಲ್ಲೂ ಬಂದಿದ್ದವು. ಗೇಮ್‌ನಲ್ಲಿ ಚೆನ್ನಾಗಿ ಕೇಳುವ ಹಾಡು ಸಿ.ಡಿ.ಯಲ್ಲಿ ಯಾಕೆ ಬಿರಿಯುತ್ತದೆ ಎಂದು ಅಭಿಮಾನಿಗಳೇ ಸಹಿ ಸಂಗ್ರಹಿಸಿದರು.

ಒಳ್ಳೆಯ ಉದಾಹರಣೆಯೂ ಇದೆ. 2009ರಲ್ಲಿ ಬೀಟಲ್ಸ್ ಹಾಡುಗಳನ್ನು ಮತ್ತೆ ಹೊರತಂದಾಗ ಸ್ಟೀರಿಯೋ ಪ್ರತಿಗೆ ಸ್ವಲ್ಪವೇ ಲಿಮಿಟರ್ ಹಾಕಿದರು, ಮೋನೋ ಪ್ರತಿಗೆ ಹಾಕಲೇ ಇಲ್ಲ. ನಮ್ಮ ದೇಶದಲ್ಲಿ 2004ರಲ್ಲಿ 'ಮೊಘಲ್-ಎ-ಆಜಂ' ಬಣ್ಣದಲ್ಲಿ ಬಂದಾಗ ವಾದ್ಯಗಳನ್ನು ನೌಷಾದ್ ಉಸ್ತುವಾರಿಯಲ್ಲಿ ಹೊಸದಾಗಿ ಮುದ್ರಿಸಿ, ಹಾಡಿದವರ ದನಿಯನ್ನು ಹಾಗೇ ಉಳಿಸಿಕೊಂಡರು. ಸಂಗೀತ ಕೊಟ್ಟವರೇ ಮುಂದೆ ಕೂತು ಮಾಡಿಸಿದ ಕೆಲಸ ಅದು. ಕನ್ನಡದ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂದವು, ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು. ಹಳೆಯದರ ಮೇಲೆ ಜನಕ್ಕೆ ಪ್ರೀತಿ ಇದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನೊಂದು ಬಗೆಯನ್ನು ನೀವೂ ಕೇಳಿದ್ದೀರಿ. 'ಝಂಕಾರ್ ಬೀಟ್ಸ್' ಹೆಸರಿನಲ್ಲಿ ಹಳೆಯ ಹಿಂದಿ ಹಾಡಿನ ಮೇಲೆ ಎಲೆಕ್ಟ್ರಾನಿಕ್ ಡ್ರಮ್ ಹೊಡೆದು, ಪ್ರತಿಧ್ವನಿ ಸೇರಿಸಿ ಮಾರಿದ ಕ್ಯಾಸೆಟ್ಟುಗಳು. ಅಲ್ಲಿ ಸೇರಿಸಿದ್ದು ಕಣ್ಣಿಗೆ ಕಾಣುತ್ತಿತ್ತು. ಲಿಮಿಟರ್ ಮಾಡಿದ್ದು ಕಾಣುವುದಿಲ್ಲ. ಕವರಿನ ಮೇಲೆ 'ರೀಮಾಸ್ಟರ್ಡ್' ಎಂದಷ್ಟೇ ಇರುತ್ತದೆ. ಹಾಗೆಂದು ಆ ಹೆಸರಿನ ಪ್ರತಿಯೆಲ್ಲ ಕೆಟ್ಟದ್ದಲ್ಲ. ಮೂಲ ಟೇಪಿನಿಂದ ಶ್ರದ್ಧೆಯಿಂದ ತೆಗೆದ ಒಳ್ಳೆಯ ಪ್ರತಿಗಳೂ ಇವೆ. ಕೇಳಿಯೇ ತಿಳಿಯಬೇಕು.

ಈಗ ಜೋರು ಮಾಡಿದರೆ ಲಾಭವೇ ಇಲ್ಲ

ಧ್ವನಿಯ ಜೋರನ್ನು ಕಿವಿಗೆ ಕೇಳುವ ಹಾಗೆ ಅಳೆಯುವ ವಿಧಾನವನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಪ್ರಕಟಿಸಿತು. 2010ರಲ್ಲಿ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಅದರ ಮೇಲೆ ನಿಯಮ ಮಾಡಿತು. ಈಗ ಯೂಟ್ಯೂಬ್, ಸ್ಪಾಟಿಫೈ ಕೂಡ ಹೀಗೇ ಅಳೆದು ಅತಿ ಜೋರಿನ ಹಾಡನ್ನು ತಾವೇ ತಗ್ಗಿಸುತ್ತವೆ. ಒಂದು ಹಾಡು 8 ಡೆಸಿಬೆಲ್ ಹೆಚ್ಚಿದ್ದರೆ 8 ಡೆಸಿಬೆಲ್ ಇಳಿಸುತ್ತವೆ. ಜೋರು ಹೋಯಿತು, ಕೊಯ್ದ ಗಾಯ ಉಳಿಯಿತು! ಅಂದರೆ ಯಾವ ಲಾಭಕ್ಕೆ ಬೆಟ್ಟ ಕಡಿದರೋ ಆ ಲಾಭವೇ ಈಗ ಇಲ್ಲ.

ಆದರೆ ಪೆನ್‌ಡ್ರೈವ್, ಮೆಮೊರಿ ಕಾರ್ಡ್, ವಾಟ್ಸಾಪ್‌ನಲ್ಲಿ ಬರುವ ಎಂಪಿ3 ಫೈಲನ್ನು ಸಾಮಾನ್ಯವಾಗಿ ಯಾರೂ ಹೀಗೆ ಅಳೆಯುವುದಿಲ್ಲ. ಚಾವಣಿಗೆ ಅಂಟಿಕೊಂಡ ಹಾಡನ್ನು ಎಂಪಿ3 ಮಾಡಿದರೆ ಅಲೆಗಳು ಸ್ವಲ್ಪ ಅದಲುಬದಲಾಗಿ ಕೆಲವು ಚಾವಣಿ ದಾಟುತ್ತವೆ. ಮತ್ತೊಮ್ಮೆ ಕೊಯ್ತ. ಅದೇ ಫೈಲನ್ನು ಹಬ್ಬದ ದಿನ ಮೈಕ್‌ಸೆಟ್‌ನವರು ಫುಲ್ ವಾಲ್ಯೂಮ್‌ನಲ್ಲಿ ಹಾಕಿದರೆ ಆಂಪ್ಲಿಫೈಯರಿನಲ್ಲಿ ಇನ್ನೊಂದು ಕೊಯ್ತ. ಮೈಕ್‌ಸೆಟ್‌ನವರಿಗೂ ಇದರಲ್ಲಿ ಪಾಠ ಇದೆ. ಕ್ಲಿಪ್ ಆದ ಧ್ವನಿಯಲ್ಲಿ ತೀಕ್ಷ್ಣ ಸ್ವರದ ಶಕ್ತಿ ಹೆಚ್ಚಿರುವುದರಿಂದ ಸ್ಪೀಕರಿನ ಟ್ವೀಟರ್ ಸುಟ್ಟುಹೋಗುತ್ತದೆ. ಗುಬುಟು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಹಾಡೂ ಉಳಿಯುತ್ತದೆ, ಸಾಮಾನೂ ಉಳಿಯುತ್ತದೆ.

ಮಾತು ಉಳಿಯುತ್ತೆ, ಭಾವ?

1940ರ ದಶಕದಲ್ಲಿ ಅಮೆರಿಕದ ಲಿಕ್ಲೈಡರ್ ಎಂಬ ವಿಜ್ಞಾನಿ ಒಂದು ವಿಚಿತ್ರ ಕಂಡುಕೊಂಡರು. ಮನುಷ್ಯನ ಮಾತಿನ ಅಲೆಯನ್ನು ಎಷ್ಟೇ ಕೊಯ್ದರೂ ಪದಗಳು ಅರ್ಥವಾಗುತ್ತವೆ. ರೇಡಿಯೋದಲ್ಲಿ ಮಾತು ದೂರ ಮುಟ್ಟಿಸಲು ಇದು ಉಪಯೋಗಕ್ಕೂ ಬಂತು. ಹಾಗಾಗಿ ಕೊಯ್ದ ಹಾಡಿನಲ್ಲೂ ಸಾಹಿತ್ಯ ಕೇಳುತ್ತದೆ, ಯಾರೂ ದೂರು ಕೊಡುವುದಿಲ್ಲ. ಹೋಗುವುದು ಬೇರೆ. ಶ್ರೀನಿವಾಸ್ ದನಿ ಇಳಿಸಿ ಹಾಡಿದ ಸಾಲೂ ಏರಿಸಿ ಹಾಡಿದ ಸಾಲೂ ಒಂದೇ ತೂಕ ಆಗುತ್ತವೆ. ಎರಡು ಸಾಲಿನ ಮಧ್ಯದ ಮೌನದೊಳಗೆ ಹಾಲಿನ ಗುಂಯ್ ಎನ್ನುವ ಸದ್ದು ನುಗ್ಗುತ್ತದೆ. ತಬಲಾ ಪೆಟ್ಟು ಬಿದ್ದಾಗಲೆಲ್ಲ ಗಾಯಕನ ದನಿ ಕುಗ್ಗುತ್ತದೆ, ಯಾರೋ ಅವರ ಬಾಯಿಗೆ ಕೈ ಹಿಡಿದು ತೆಗೆದ ಹಾಗೆ. ಎರಡು ಹಾಡು ಕೇಳುವಷ್ಟರಲ್ಲಿ ತಲೆ ಭಾರ.

ಗಡಿಯ ಈಚೆ ಇರುವ ನಮಗೆ ಇದು ಬರೀ ರಸಿಕತೆಯ ಪ್ರಶ್ನೆ ಅಲ್ಲ. ಶಾಲೆಯಲ್ಲಿ ತಮಿಳು, ಕಚೇರಿಯಲ್ಲಿ ತಮಿಳು ಅಥವಾ ಇಂಗ್ಲಿಷ್. ಎಷ್ಟೋ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಮನೆಯಾಚೆಯ ಕನ್ನಡ ಎಂದರೆ ಹಾಡು. ದನಿಯನ್ನು ಎಲ್ಲಿ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು, ಪ್ರೀತಿಗೆ ಯಾವ ಸ್ವರ, ದುಃಖಕ್ಕೆ ಯಾವ ಸ್ವರ ಎನ್ನುವುದನ್ನು ಮಕ್ಕಳು ಕಲಿಯುವುದು ಪುಸ್ತಕದಿಂದಲ್ಲ.

ಅಟ್ಟದ ಮೇಲಿನ ಆಸ್ತಿ

1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದ್ ಕವಿತೆಗಳ 'ನಿತ್ಯೋತ್ಸವ' ಬಂದ ಮೇಲೆ ಕನ್ನಡ ಭಾವಗೀತೆಗಳ ಧ್ವನಿಸುರುಳಿ ಮನೆಮನೆ ಸೇರಿತು. ಸಂಗೀತಾ, ಲಹರಿ ಕ್ಯಾಸೆಟ್ಟುಗಳು ಗಡಿ ದಾಟಿ ಇಲ್ಲಿಗೂ ಬಂದವು. ಜತೆಗೆ ಬಡಗ ಹಾಡುಗಳ ಕ್ಯಾಸೆಟ್ಟುಗಳೂ ಇವೆ. ದೊಡ್ಡ ಕಂಪನಿಯ ಸಿನಿಮಾ ಹಾಡು ಎಲ್ಲಾದರೂ ಒಂದು ಕಡೆ ಉಳಿದೀತು. ಸಣ್ಣ ಸ್ಟುಡಿಯೋದ ಹಾಡಿಗೆ ನಿಮ್ಮ ಮನೆಯ ಪ್ರತಿಯೇ ಕೊನೆಯ ಪ್ರತಿ ಇರಬಹುದು. ಎಸೆಯುವ ಮೊದಲು ಇಷ್ಟು ಮಾಡಿ.

* ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಹಲ್ಲು ಮುರಿಯಿರಿ. ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಯುವುದಿಲ್ಲ.

* ಗೂಡಲೂರು, ದೇವಾಲದ ಮಳೆಗೆ ಟೇಪಿನ ಮೇಲೆ ಬೂಸಲು ಹಿಡಿಯುತ್ತದೆ. ಬಿಳಿ ಚುಕ್ಕಿ ಕಂಡರೆ ಹಾಗೇ ಹಾಕಬೇಡಿ, ಮೊದಲು ತಿಳಿದವರಿಂದ ಸ್ವಚ್ಛ ಮಾಡಿಸಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಿ.

* ಟೇಪ್‌ರೆಕಾರ್ಡರ್ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಪೂರ್ತಿ ಒಣಗಿದ ಮೇಲೆ ಹಾಕಿ.

* ಕಂಪ್ಯೂಟರಿಗೆ ಇಳಿಸುವಾಗ ಮೀಟರಿನ ಅತಿ ಜೋರಿನ ಜಾಗವೂ ಚಾವಣಿಗಿಂತ 6ರಿಂದ 10 ಡೆಸಿಬೆಲ್ ಕೆಳಗೆ ಇರಲಿ. ಕೆಂಪು ದೀಪ ಹತ್ತಬಾರದು. ಮೆತ್ತಗಿದ್ದರೆ ಆಮೇಲೆ ಜೋರು ಮಾಡಬಹುದು, ಕೊಯ್ದದ್ದನ್ನು ಮತ್ತೆ ಹೊಲಿಯಲಾಗದು.

* ಮೊದಲ ಪ್ರತಿಯನ್ನು ವೇವ್ ಅಥವಾ ಫ್ಲ್ಯಾಕ್ ಫೈಲಾಗಿ ಇಡಿ. ಸುಯ್ ಎನ್ನುವ ಶಬ್ದ ತೆಗೆಯುವ, ಜೋರು ಮಾಡುವ ಪ್ರಯೋಗಗಳೆಲ್ಲ ಎರಡನೇ ಪ್ರತಿಯ ಮೇಲೆ.

ನಿಮ್ಮ ಮೊಬೈಲಿನ ಹಾಡು ಕೊಯ್ದದ್ದೋ ಅಲ್ಲವೋ ತಿಳಿಯಬೇಕೆ? ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಫೈಲು ತೆರೆದು ಚಿತ್ರ ನೋಡಿ. ಎತ್ತರ ತಗ್ಗಿರುವ ಬೆಟ್ಟದ ಸಾಲು ಕಂಡರೆ ಒಳ್ಳೆಯದು. ಮೇಲೂ ಕೆಳಗೂ ಸಪಾಟಾಗಿ ಇಟ್ಟಿಗೆಯ ಹಾಗೆ ಕಂಡರೆ ಕತ್ತರಿ ಆಡಿದೆ ಎಂದೇ ಅರ್ಥ. ಕಂಪ್ಯೂಟರ್ ಇಲ್ಲದಿದ್ದರೂ ಪರವಾಗಿಲ್ಲ. ಅದೇ ಹಾಡಿನ ಎರಡು ಪ್ರತಿ ತೆಗೆದುಕೊಂಡು, ಗಾಯಕನ ದನಿ ಎರಡರಲ್ಲೂ ಒಂದೇ ಜೋರಿಗೆ ಬರುವ ಹಾಗೆ ವಾಲ್ಯೂಮ್ ಹೊಂದಿಸಿ ಕೇಳಿ. ಜೋರಿನ ಮೋಸ ಹೋದ ಮೇಲೆ ಯಾವುದು ಹಾಡು, ಯಾವುದು ಕಿರುಚಾಟ ಎಂದು ನಿಮ್ಮ ಕಿವಿಯೇ ಹೇಳುತ್ತದೆ. ಮೊಮ್ಮಕ್ಕಳಿಗೂ ಒಮ್ಮೆ ಕೇಳಿಸಿ.